ಒಂದೇ ತೋಳಿನ ಸ್ವೆಟರ್

ಬಿಚ್ಚಿದವಳು ನಾನು. ನಮ್ಮ ಅತ್ತೆ ನೀಲಮ್ಮನವರು ತಮ್ಮ ಮೊದಲ ಮೊಮ್ಮಗಳಿಗೆಂದು ಹೆಣೆಯುತ್ತಿದ್ದ ನಿಂಬೆಹಣ್ಣಿನ ಬಣ್ಣದ ಸ್ವೆಟರನ್ನು ಒಂದು ಇಡೀ ಚಳಿಗಾಲ ಕದ್ದು ಕದ್ದು ಬಿಚ್ಚಿದವಳು ನಾನು. ಅವರು ಬೆಳಿಗ್ಗೆ ಹೆಣೆಯುತ್ತಿದ್ದರು, ಮಧ್ಯಾಹ್ನ ಒಂದು ಗಳಿಗೆ ಮಲಗುತ್ತಿದ್ದರು, ಅಷ್ಟರಲ್ಲಿ ನಾನು ನಾಲ್ಕು ಸಾಲು ಬಿಚ್ಚಿ, ದಾರವನ್ನು ಉಂಡೆಗೆ ಸುತ್ತಿ, ಏನೂ ಅರಿಯದವಳಂತೆ ಚಹಕ್ಕೆ ನೀರಿಡುತ್ತಿದ್ದೆ. ಅವರ ಲೆಕ್ಕ ತಪ್ಪುತ್ತಿದೆ, ಅವರಿಗೆ ಮರೆವು ಹತ್ತಿದೆ ಎಂದು ನಮ್ಮ ಬಳಗವೆಲ್ಲ ಹದಿನೆಂಟು ವರ್ಷ ನಂಬಿತು. ಅವರೂ ನಂಬಿದರು. ನಂಬಲಿ ಎಂದು ಬಿಟ್ಟವಳೂ ನಾನೇ.

ಸಿಟ್ಟಿನಿಂದ ಮಾಡಿದ್ದರೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಸೊಸೆ ಅತ್ತೆಗೆ ಕಾಟ ಕೊಟ್ಟಳು ಎಂದರೆ ಜನಕ್ಕೆ ತಕ್ಷಣ ಅರ್ಥವಾಗುತ್ತದೆ. ನಾನು ಮಾಡಿದ್ದು — ಹೇಗೆ ಹೇಳಲಿ — ಅವರು ನನಗೆ ಅಷ್ಟು ಇಷ್ಟವಾಗಿದ್ದರು ಎಂಬುದಕ್ಕೆ.

ಆಗ ನನಗೆ ಇಪ್ಪತ್ತನಾಲ್ಕು. ಭಾಲ್ಕಿ ಕಡೆಯವಳು, ಮದುವೆಯಾಗಿ ನಾಸಿಕಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ನನ್ನ ಗಂಡ ಸಾತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು, ವಾರಕ್ಕೊಂದು ಪಾಳಿ. ಅಲ್ಲೇ ಹತ್ತಿರ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅವರು ಹೋದ ಮೇಲೆ ಆ ಎರಡು ಕೋಣೆಯಲ್ಲಿ ನಾನು, ಒಂದು ರೇಡಿಯೋ. ನಾನೋ ಹುಟ್ಟಾ ಮಾತುಗಾರ್ತಿ. ತವರಲ್ಲಿ ನನ್ನ ಬಾಯಿ ಮುಚ್ಚಿಸಲು ಮೂವರು ಬೇಕಾಗುತ್ತಿತ್ತು. ಕೆಳಗಿನ ಮನೆಯವರು ಒಳ್ಳೆಯವರೇ, ಆದರೆ ನನ್ನ ಮರಾಠಿ ಆಗ ಅರ್ಧಂಬರ್ಧ. ಅದರಲ್ಲಿ ತರಕಾರಿ ಕೊಳ್ಳಲು ಬರುತ್ತಿತ್ತು, ನಗಿಸಲು ಬರುತ್ತಿರಲಿಲ್ಲ.

ಅಂಥಲ್ಲಿಗೆ ದೀಪಾವಳಿಗೆಂದು ಅತ್ತೆ ಬಂದರು. ಅವರು ಇದ್ದದ್ದು ಹಿರಿಯ ಮಗನ ಮನೆಯಲ್ಲಿ, ಈಗಿನ ಸಂಭಾಜಿನಗರದಲ್ಲಿ — ಆಗ ನಾವೆಲ್ಲ ಔರಂಗಾಬಾದ್ ಅನ್ನುತ್ತಿದ್ದೆವು. ಅಲ್ಲಿ ನನ್ನ ಭಾವನವರದು ಬಟ್ಟೆ ಅಂಗಡಿ. ನನ್ನ ನೆಗೆಣ್ಣಿ ಮಹಾದೇವಿ ಅಕ್ಕ ಬಾಣಂತನಕ್ಕೆಂದು ಕಲಬುರಗಿಯ ತವರಿಗೆ ಹೋಗಿದ್ದಳು, ಕೂಸನ್ನು ಕರೆದುಕೊಂಡು ಡಿಸೆಂಬರಿನಲ್ಲಿ ಹೊಳ್ಳಿ ಬರುವವಳಿದ್ದಳು. ಅಷ್ಟರವರೆಗೆ ಸಣ್ಣ ಮಗನ ಮನೆ ನೋಡಿ ಬರೋಣವೆಂದು ಅತ್ತೆ ಒಬ್ಬರೇ ಬಸ್ಸು ಹತ್ತಿ, ಕಿಟಕಿ ಪಕ್ಕದ ಜಾಗಕ್ಕಾಗಿ ದಾರಿಯುದ್ದಕ್ಕೂ ಜಗಳವಾಡಿ ಗೆದ್ದು, ಆ ಜಗಳದ ಕಥೆ ಹೇಳುತ್ತಲೇ ನಮ್ಮ ಮೆಟ್ಟಿಲು ಏರಿದರು.

ಅವರಿಗೆ ಆಗ ಐವತ್ತೆಂಟು. ಗಿಡ್ಡ ಆಳು, ಗಟ್ಟಿ ನಗೆ. ಐವತ್ತು ಮಂದಿಯ ಅಡುಗೆಗೆ ಉಪ್ಪನ್ನು ಕೈಯಳತೆಯಲ್ಲೇ ಹಾಕುವವರು. ಮದುವೆ ಮನೆಗಳಲ್ಲಿ ಅವರು ರುಚಿ ನೋಡದೆ ಮಾಡಿದ ಸಾರನ್ನು ಜನ ಬಟ್ಟಲಲ್ಲಿ ಕೇಳಿ ಕುಡಿಯುತ್ತಿದ್ದರಂತೆ. ಬೀದರಿನಲ್ಲಿದ್ದಾಗ ಪಕ್ಕದ ಮನೆಯಲ್ಲಿ ವಾಯುಸೇನೆಯವರೊಬ್ಬರ ಪಂಜಾಬಿ ಹೆಂಡತಿ ಇದ್ದರು. ಅವರಿಂದ ಹೆಣಿಗೆ ಕಲಿತಿದ್ದರು. ಬಂದ ಮೂರನೆಯ ದಿನವೇ, "ನಡಿ, ದೇವಳಾಲಿ ಕ್ಯಾಂಪಿಗಿ ಹೋಗಮು. ಮಿಲಿಟರಿ ಮಂದಿ ಇರೋ ಕಡಿ ಉಲ್ಲನ್ ಛಲೋ ಸಿಗತದ" ಎಂದು ನನ್ನನ್ನು ಹೊರಡಿಸಿದರು. ಅಲ್ಲಿಯ ಅಂಗಡಿಯಲ್ಲಿ ಉಂಡೆ ಉಂಡೆಯನ್ನೂ ಕೆನ್ನೆಗೆ ಒತ್ತಿ ನೋಡಿದರು — ಕೂಸಿಗೆ ಚುಚ್ಚಬಾರದಲ್ಲ. ಅಂಗಡಿಯವನು ಬೇಸತ್ತು ತನ್ನ ಕೆನ್ನೆಗೂ ಒಂದು ಉಂಡೆ ಒತ್ತಿ, ಮೆತ್ತಗಿದೆ ಬಿಡಿ ಅಜ್ಜಿ ಎಂದ. ಅಜ್ಜಿ ಅಂದದ್ದಕ್ಕೆ ಅವನೊಡನೆ ಇನ್ನೊಂದು ಜಗಳ.

"ಹದಿನೈದು ದಿನದ ಕೆಲಸ," ಎಂದರು ಬಸ್ಸಿನಲ್ಲಿ. "ಮುಗಿಸಿ ಹಿಡಕೊಂಡೇ ಹೋಗತೀನಿ. ಕೂಸು ಮೊದಲ್ನೇ ಸಲ ನಮ್ಮನಿಗಿ ಬರತದ. ಬರೀ ಕೈಲೆ ಹ್ಯಾಂಗ ಎತ್ಕೊಳ್ಳಲಿ?"

ಆ ಹದಿನೈದು ದಿನ — ಈಗ ನೆನೆಸಿಕೊಂಡರೂ ಮುಖ ಅರಳುತ್ತದೆ. ಬೆಳಗಿನ ಬಿಸಿಲಿಗೆ ಮಾಳಿಗೆಯ ಮೇಲೆ ಚಾಪೆ ಹಾಸಿ ಕೂರುತ್ತಿದ್ದೆವು. ಅವರು ಒಂದು ಕಡ್ಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೈಯ ಕಡೆ ನೋಡದೆ, ಸೀದಾ ಉಲ್ಟಾ, ಸೀದಾ ಉಲ್ಟಾ ಎಂದು ಹೆಣೆಯುತ್ತ ಬಸವಕಲ್ಯಾಣದಿಂದ ಹುಮನಾಬಾದಿನವರೆಗಿನ ಎಲ್ಲ ಮನೆತನಗಳ ಕಥೆ ಹೇಳುತ್ತಿದ್ದರು. ಯಾರು ಯಾರ ಮದುವೆಯಲ್ಲಿ ಮುನಿಸಿಕೊಂಡು ಊಟ ಬಿಟ್ಟರು, ಆಮೇಲೆ ಹಿತ್ತಲ ಬಾಗಿಲಿನಿಂದ ಬಂದು ಯಾರು ಉಂಡರು. ಕೆಳಗಿನ ಮನೆಯ ಹೆಂಗಸರನ್ನು ಹರಕು ಮುರುಕು ಮರಾಠಿಯಲ್ಲೇ ಮೇಲೆ ಕರೆದರು. ನಾನು ಒಂದೂವರೆ ವರ್ಷದಲ್ಲಿ ಮಾಡಲಾಗದ ಗೆಳೆತನವನ್ನು ಅವರು ಒಂದು ವಾರದಲ್ಲಿ ಮಾಡಿಕೊಟ್ಟರು. ಹಸಿ ಕಡಲೆಯ ಗಿಡ ಮಾರುಕಟ್ಟೆಗೆ ಬಂದಿತ್ತು. ತಂದು ಸುಲಿದು ತಿನ್ನುತ್ತ, ನಗುತ್ತ, ನನ್ನ ಪಾಲಿಗೆ ಆ ಮನೆ ಮೊದಲ ಸಲ ಮನೆಯಾಯಿತು.

ಹೆಣಿಗೆಯೋ ಕೊಕ್ಕೆಕಡ್ಡಿಯ ಕ್ರೋಷಾವೋ, ಕೈಕೆಲಸ ಯಾಕೆ ಬೇಗ ಮುಗಿಯುವುದಿಲ್ಲ ಎಂದು ಯಾರನ್ನೇ ಕೇಳಿ, ಕಾರಣ ಹೇಳುತ್ತಾರೆ. ಬೆನ್ನಿನ ಭಾಗ ಮುಗಿದಾಗ ಅರ್ಧ ಮುಗಿಯಿತು ಅನಿಸುತ್ತದೆ, ನಿಜದಲ್ಲಿ ಕಾಲು ಭಾಗವೂ ಆಗಿರುವುದಿಲ್ಲ. ಹತ್ತು ಸಾಲಿನ ಹಿಂದಿನ ತಪ್ಪು ಹತ್ತು ಸಾಲು ಹೆಣೆದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಉಲ್ಲನ್ ತೀರುತ್ತದೆ, ಹೊಸದು ತಂದರೆ ಬಣ್ಣ ಒಂದು ಎಳೆ ಬೇರೆ. ಮೊದಲ ತೋಳಿಗಿದ್ದ ಹುರುಪು ಎರಡನೆಯ ತೋಳಿಗೆ ಇರುವುದಿಲ್ಲ — ಅದೇ ಕೆಲಸ ಮತ್ತೊಮ್ಮೆ. ನಡುವೆ ನೆಂಟರು, ಹಬ್ಬ, ಜ್ವರ. ಇವೆಲ್ಲ ನಿಜವೇ. ನಿಜವಾದ್ದರಿಂದಲೇ ನನ್ನ ಕಳ್ಳತನ ಯಾರಿಗೂ ಕಾಣಲಿಲ್ಲ. ನಿಧಾನವಾಗುವುದೇ ಸಹಜವಾದ ಕೆಲಸದಲ್ಲಿ ಇನ್ನಷ್ಟು ನಿಧಾನವನ್ನು ಯಾರು ಅನುಮಾನಿಸುತ್ತಾರೆ?

ಮೊದಲ ಸಲ ಆದದ್ದು ಅಕಸ್ಮಾತ್ತು. ಹನ್ನೆರಡನೆಯ ದಿನ ಇರಬೇಕು. ಅತ್ತೆ ಊಟವಾಗಿ ಮಲಗಿದ್ದರು. ಎದೆಯ ಭಾಗ ಅರ್ಧಕ್ಕೆ ಬಂದಿತ್ತು. ಎಷ್ಟು ಚಂದ ಕಾಣುತ್ತದೆ ನೋಡೋಣವೆಂದು ಎತ್ತಿದೆ — ಕಡ್ಡಿ ಜಾರಿ ನೆಲಕ್ಕೆ ಬಿತ್ತು. ಗಾಬರಿಯಲ್ಲಿ ದಾರ ಎಳೆದೆ. ಎಳೆದಷ್ಟೂ ಬಂತು. ಮೂರು ನಾಲ್ಕು ಸಾಲು ಬಿಚ್ಚಿಹೋದ ಮೇಲೆ ಕೈ ನಿಂತಿತು. ಅರವತ್ತು ಕುಣಿಕೆಗಳು ಬಾಯಿ ತೆರೆದು ನಿಂತಿದ್ದವು. ಉಸಿರು ಬಿಗಿಹಿಡಿದು ಒಂದೊಂದಾಗಿ ಕಡ್ಡಿಗೆ ಏರಿಸಿದೆ, ಉಂಡೆ ಸುತ್ತಿದೆ, ಇದ್ದಲ್ಲೇ ಇಟ್ಟೆ.

ಎದ್ದು ಕೈಗೆತ್ತಿಕೊಂಡವರು ಹುಬ್ಬು ಗಂಟಿಕ್ಕಿದರು. "ಅಯ್ಯ, ಇಷ್ಟೇ ಆಗ್ಯಾದೇನು? ನಾ ಇನ್ನಾ ಮ್ಯಾಲ ಬಂದೀನಿ ಅಂತ ತಿಳ್ಕೊಂಡಿದ್ದೆ. ಇರಲಿ ತಗೋ, ಹೋಗೋದು ಇನ್ನೆರಡು ದಿನ ಮುಂದ ಹೋತು."

ನಾನು ಆಗಲೇ ಹೇಳಬೇಕಿತ್ತು. ಮಾತು ನಾಲಗೆಯ ಮೇಲೆಯೇ ಇತ್ತು. ಆದರೆ "ಇನ್ನೆರಡು ದಿನ" ಎಂಬುದು ಕಿವಿಗೆ ಬಿದ್ದೊಡನೆ ನನ್ನೊಳಗೆ ಏನೋ ಕುಣಿಯಿತು. ಅಂದು ಸಂಜೆ ಯಾವ ಹಬ್ಬವೂ ಇಲ್ಲದೆ ಶಿರಾ ಮಾಡಿದೆ.

ಮೂರು ದಿನದ ಮೇಲೆ ಕಡ್ಡಿ ತಾನಾಗಿ ಜಾರಲಿಲ್ಲ.

ಹೆಣೆಯಲು ಬಾರದ ನಾನು ಬಿಚ್ಚುವುದರಲ್ಲಿ ಪಳಗಿದೆ. ಒಂದು ದಿನ ನಾಲ್ಕು ಸಾಲು, ಒಂದು ದಿನ ಆರು; ಅನುಮಾನ ಬಂದೀತೆಂದು ನಡುವೆ ಒಂದು ದಿನ ಬಿಡುವು. ಅವರಿಗೆ ಮೋಸ ಮಾಡುತ್ತಿದ್ದೇನೆಂದು ನನಗೆ ಅನಿಸುತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅನಿಸುತ್ತಿತ್ತು. ಆದರೆ ಮಾರನೆಯ ಬೆಳಿಗ್ಗೆ ಅವರು ಮಾಳಿಗೆಯ ಮೇಲೆ ಕಥೆ ಶುರು ಮಾಡಿದ ಕೂಡಲೇ…

ಡಿಸೆಂಬರಿನಲ್ಲಿ ಮಹಾದೇವಿ ಅಕ್ಕ ಐದು ತಿಂಗಳ ಕೂಸಿನೊಂದಿಗೆ ಔರಂಗಾಬಾದಿಗೆ ಬಂದಳು. ಭಾವನವರ ಫೋನು ವಾರಕ್ಕೆರಡು ಸಲ. "ಅವ್ವಾ, ಯಾವಾಗ ಬರ್ತಿ? ಈಕಿಗಿ ಒಬ್ಬಾಕಿಗೇ ಆಗಲ್ದು." ಅತ್ತೆಯ ಉತ್ತರ ಪ್ರತಿ ಸಲವೂ ಅದೇ: "ಇನ್ನೆಂಟು ದಿನ. ಸ್ವೆಟರ್ ಮುಗೀತು ಅಂದ್ರ ಅವತ್ತೇ ಬಸ್ ಹತ್ತತೀನಿ." ಒಂದು ಸಲ ಹಿಂದಿನಿಂದ ಕೂಸು ಅಳುವುದು, ಅಕ್ಕ ಅದನ್ನು ರಮಿಸಲಾಗದೆ ತಾನೂ ಅಳುದನಿಯಲ್ಲಿ ಏನೋ ಹೇಳುವುದು ಫೋನಿನಲ್ಲಿ ನನಗೂ ಕೇಳಿಸಿತು. ಕೇಳಿಸಿಯೂ ಅಂದು ಮಧ್ಯಾಹ್ನ ನಾನು ಬಿಚ್ಚಿದೆ. ಇದನ್ನೂ ಬರೆಯಬೇಕು.

ಅತ್ತೆ ಸುಮ್ಮನೆ ಕೂರುವ ಪೈಕಿ ಅಲ್ಲ. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಾಲಿಗೊಂದು ಗೆರೆ ಎಳೆಯತೊಡಗಿದರು. ಎರಡು ದಿನ ನಾನು ಕೈ ಕಟ್ಟಿ ಕೂತೆ. ಸ್ವೆಟರ್ ಸರಸರ ಬೆಳೆಯಿತು, ಒಂದು ತೋಳು ಮುಗಿದೇ ಹೋಯಿತು, ಎರಡನೆಯದಕ್ಕೆ ಅವರು ಕುಣಿಕೆ ಏರಿಸಿದರು. "ಐದಾರು ದಿನ, ಆತು," ಎಂದರು. ಮೂರನೆಯ ದಿನ ನಾನು ಬಿಚ್ಚಿದೆ. ಬಿಚ್ಚಿದ ಮೇಲೆ ರಬ್ಬರ್ ಹುಡುಕಿ — ಅಷ್ಟೇ ಗೆರೆಗಳನ್ನು ಅಳಿಸಿದೆ.

ನನ್ನ ತಪ್ಪುಗಳಲ್ಲೆಲ್ಲ ಅದೇ ದೊಡ್ಡದು. ಸ್ವೆಟರ್ ಬಿಚ್ಚಿದ್ದು ಆಸೆಯಿಂದ. ಗೆರೆ ಅಳಿಸಿದ್ದು ಯಾವುದರಿಂದ?

ಅಂದು ಸಂಜೆ ಅವರು ಕ್ಯಾಲೆಂಡರಿನ ಮುಂದೆ ನಿಂತರು. ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಸರೂ, ನನ್ನ ತಲ್ಯಾಗ ಏನೋ ಆಗ್ಯಾದವಾ. ಮುಂಜಾನಿ ಎಳದ ಗೆರಿ ನನಗ ನೆನಪದ, ಇಲ್ಲಿ ಇಲ್ಲ. ಹಿಂಗ್ಯಾಕ?" ಎಂದರು.

ನಾನು ಇಷ್ಟೇ ಅಂದೆ: "ವಯಸ್ಸಾತಲ್ರಿ ಅತ್ತಿ. ಆಗತದ."

ಐವತ್ತೆಂಟರ ಹೆಂಗಸಿಗೆ ಇಪ್ಪತ್ತನಾಲ್ಕರ ಹುಡುಗಿ ಕೊಟ್ಟ ಉತ್ತರ.

ಸಂಕ್ರಾಂತಿಯ ಮಾರನೆಯ ದಿನ ಅವರು ಒಂದೇ ತೋಳಿನ ಸ್ವೆಟರು, ಕಡ್ಡಿ, ಉಳಿದ ಉಲ್ಲನ್ ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ತುಂಬಿ ನನ್ನ ಕೈಗಿಟ್ಟರು. "ಇದು ನಿನ್ನ ಬಲ್ಲೇ ಇರಲಿ. ನನಗ ಇನ್ನ ಲೆಕ್ಕ ಹತ್ತಾಂಗಿಲ್ಲ." ಬರಿಗೈಯಲ್ಲಿ ಹೋಗಲೊಲ್ಲೆ ಎಂದವರು ಬರಿಗೈಯಲ್ಲೇ ಹೊರಟರು. ಬಸ್ಸಿಗೆ ಒಬ್ಬರೇ ಹೋಗಲು ಅಂಜಿ ಮಗನನ್ನು ಜೊತೆಗೆ ಕರೆದುಕೊಂಡರು. ಉಳಿಸಿಕೊಳ್ಳಲೆಂದು ನಾನು ಹೂಡಿದ ಆಟವೇ ಅವರನ್ನು ಕಳಿಸಿತು.

ಆಮೇಲೆ ಅವರು ಕಡ್ಡಿ ಮುಟ್ಟಲಿಲ್ಲ. ಹಬ್ಬದ ಅಡುಗೆಗೆ ಕೂತರೆ, "ಉಪ್ಪು ಹಾಕೀನೋ ಇಲ್ಲೋ, ಯಾರರೆ ನೋಡ್ರವಾ" ಎಂದು ಕೂಗುವರು. ಹಾಕಿಯೇ ಇರುತ್ತಿದ್ದರು, ಅದೂ ಸರಿಯಾಗಿ. ಬಾಗಿಲಿಗೆ ಚಿಲಕ ಹಾಕಿ ಮೂರು ಸಲ ಹಿಂದೆ ಬಂದು ಜಗ್ಗಿ ನೋಡುವರು. ಅವರ ನಗೆ ಹೋಗಲಿಲ್ಲ, ಸದ್ಯ. ಆದರೆ ಯಾವ ಕೆಲಸಕ್ಕಾದರೂ ತಾವೇ ಮುಂದಾಗುವ ಆ ದಿಟ್ಟತನ ಹೋಯಿತು. ನಾನೋ — ನಾಸಿಕದ ನಮ್ಮ ಕನ್ನಡದವರು ಯುಗಾದಿಗೋ ಬಸವ ಜಯಂತಿಗೋ ಕೂಡಿದಾಗ, "ನಮ್ಮತ್ತಿ ಒಂದ್ ಸ್ವೆಟರ್ ಹೆಣೀಲಿಕ್ಕೆ ಮೂರು ತಿಂಗಳು ಕುಂತು, ಕಡೀಗಿ ಒಂದು ತೋಳೇ ಮರ್ತರು" ಎಂದು ಅಭಿನಯ ಮಾಡಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು.

ಹೋದ ಡಿಸೆಂಬರಿನಲ್ಲಿ ಒಂದು ಫೋನು ಬಂತು. ಮಹಾದೇವಿ ಅಕ್ಕನ ಮಗಳು ಸೃಷ್ಟಿ — ಆ ಸ್ವೆಟರ್ ತೊಡಬೇಕಿದ್ದ ಕೂಸು — ಈಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಮೊಬೈಲಿನಲ್ಲಿ ನೋಡಿ ಕ್ರೋಷಾ ಕಲಿತಿದ್ದಾಳೆ. ಅವಳ ಕನ್ನಡದಲ್ಲಿ ಮುಕ್ಕಾಲು ಮರಾಠಿ.

"ಕಾಕೂ, ನಂದು ಏನೂ ಪೂರಾನೇ ಆಗಂಗಿಲ್ಲ. ಅರ್ಧಾ ಟೋಪಿ, ಅರ್ಧಾ ಪರ್ಸ್, ಒಂದು ಮೊಲ ಕಾನ್ ನಸಲೇಲಾ…" ಎಂದು, ಕಿವಿಯಿಲ್ಲದ ಮೊಲವನ್ನು ಮೊಬೈಲಿನ ಮುಂದೆ ಹಿಡಿದು ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳೆಂದಳು: "ಅಜ್ಜಿಗಿ ಕೇಳಿದೆ, ಮದತ್ ಮಾಡು ಅಂತ. 'ನನ್ನ ತಲಿ ಸರಿ ಇಲ್ಲವಾ, ನಿನ್ನ ಒಂದ್ ಸ್ವೆಟರ್ ಸುದ್ದಾ ಮುಗಸ್ಲಿಕ್ಕಾಗಲಿಲ್ಲ' ಅಂದ್ಳು. ರಡಲೀ ಪಣ, ಕಾಕೂ. ಅಜ್ಜಿ ಅತ್ತಳು."

ಇನ್ನೊಂದು ಸುದ್ದಿಯನ್ನೂ ಹೇಳಿದಳು. ಅತ್ತೆಯ ಓಣಿಯ ವಚನ ಹಾಡುವ ಹೆಂಗಸರ ಗುಂಪು ಕೂಡಲಸಂಗಮಕ್ಕೆ ಹೊರಟಿದೆಯಂತೆ. ಅತ್ತೆ ಜೀವಮಾನವೆಲ್ಲ ನೋಡಬೇಕೆಂದ ಜಾಗ. ಒಲ್ಲೆ ಅಂದರಂತೆ — ಎಲ್ಲಿ ಇಳಿದು ಎಲ್ಲಿ ಮರೆತು ನಿಲ್ಲುತ್ತೇನೋ ಎಂದು.

ಫೋನು ಇಟ್ಟೆ. ಹದಿನೆಂಟು ವರ್ಷದಲ್ಲಿ ಇದನ್ನು ಹೇಳಲು ನನಗೆ ಎಷ್ಟು ಹಬ್ಬ, ಎಷ್ಟು ಮದುವೆ, ಎಷ್ಟು ಸಂಜೆ ಸಿಕ್ಕಿದ್ದವು… ಗಂಡನಿಗೆ ಅಂದೇ ಹೇಳಿದೆ. ಅವರು ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನನಗಲ್ಲ, ಅವ್ವಗ ಹೇಳು," ಎಂದರು. ಅಷ್ಟೇ.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಆ ಬಟ್ಟೆಚೀಲವನ್ನು ಅಟ್ಟದಿಂದ ಇಳಿಸಿ, ಮಡಿಲಲ್ಲಿಟ್ಟುಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ಬಸ್ಸು ಯೇವಲೆ ದಾಟಿತು, ವೈಜಾಪುರ ದಾಟಿತು. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿಯುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಮೂವರೂ ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದರು — ಅತ್ತೆ, ಅಕ್ಕ, ಸೃಷ್ಟಿ. ಹೇಳದೆ ಕೇಳದೆ ಬಂದ ನನ್ನನ್ನು ಕಂಡು ಅತ್ತೆ ಎದ್ದು ಬಂದು ಕೆನ್ನೆ ಸವರಿದರು. ಅವರ ಕೈ ಇನ್ನೂ ನನ್ನ ಮುಖದ ಮೇಲಿರುವಾಗಲೇ ನಾನು ಹೇಳಿಬಿಟ್ಟೆ.

"ಅತ್ತಿ, ಆ ಸ್ವೆಟರ್ ನಾ ಬಿಚ್ಚತಿದ್ದೆರಿ. ನೀವು ಮಕ್ಕೊಂಡಾಗ. ನಿಮ್ಮ ಲೆಕ್ಕ ತಪ್ಪಿದ್ದಿಲ್ಲ."

ಅವರ ಕೈ ಕೆಳಗಿಳಿಯಿತು.

"ಎಷ್ಟು ಸಾಲು?" ಎಂದರು.

"ದಿನಾ ನಾಕು. ಒಮ್ಮೊಮ್ಮೆ ಆರು."

"ಕ್ಯಾಲೆಂಡರಿನ ಗೆರಿ?"

"ಅವೂ ನಾನೇ ಅಳಿಸೀನ್ರಿ."

ಅವರು ಚೀಲ ಕಸಿದುಕೊಂಡು ಸ್ವೆಟರ್ ಹೊರಗೆಳೆದರು. ಕನ್ನಡಕ ಏರಿಸಿ, ಬಿಸಿಲಿಗೆ ಹಿಡಿದು, ಎದೆಯ ಭಾಗದ ಮೇಲೆ ಬೆರಳು ಓಡಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ನೋಡು, ಕುಣಿಕಿ ತಿರುವಿ ಏರಿಸಿದಿ. ಇಲ್ಲಿನೂ. ಇಲ್ಲೂ ನೋಡು. ನಾ ಜನ್ಮದಾಗ ಹಿಂಗ ಏರಿಸಿಲ್ಲ." ಮುಖ ಎತ್ತಿದಾಗ ಅವರ ಕಣ್ಣು ತುಂಬಿತ್ತು, ಆದರೆ ತುಟಿ — ತುಟಿ ನಗುತ್ತಿತ್ತು.

"ಹಂಗಾದ್ರ ನನ್ನ ಲೆಕ್ಕ ಬರೋಬ್ಬರಿ ಇತ್ತು!"

ಎಪ್ಪತ್ತಾರರ ಹೆಂಗಸು ಮಾಳಿಗೆಯ ಗೋಡೆಯತ್ತ ಓಡಿದಂತೆಯೇ ನಡೆದು, ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವರಿಗೆ ಕೂಗಿ ಹೇಳಿದರು: "ಅಹೋ ವಹಿನೀ! ಮಾಝಂ ಡೋಕಂ ಠೀಕ್ ಆಹೇ! ಅಠರಾ ವರ್ಷಾಂಪಾಸೂನ್ ಠೀಕ್ ಆಹೇ!" ತಮ್ಮ ತಲೆ ಹದಿನೆಂಟು ವರ್ಷದಿಂದ ಸರಿಯಾಗಿಯೇ ಇದೆ ಎಂಬ ಈ ಸುದ್ದಿಗೆ ಏನು ಹೇಳಬೇಕೆಂದು ತಿಳಿಯದೆ ಆಕೆ ಒದ್ದೆ ಸೀರೆ ಹಿಡಿದುಕೊಂಡೇ "ವಾ ವಾ" ಎಂದರು. ಸೃಷ್ಟಿ ನಕ್ಕು ನಕ್ಕು ಬಟಾಣಿಯ ಬುಟ್ಟಿ ಉರುಳಿಸಿದಳು. ಅತ್ತೆಯ ಆ ಹಳೆಯ ನಗೆ, ಸಾತಪುರದ ಮಾಳಿಗೆಯ ನಗೆ, ಮತ್ತೆ ಕೇಳಿದೆ. ನಾನೂ ಅಳುತ್ತ ನಗುತ್ತಿದ್ದೆ.

ನಗದೇ ಇದ್ದವಳು ಮಹಾದೇವಿ ಅಕ್ಕ. ಉರುಳಿದ ಬಟಾಣಿಯನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಮೆಲ್ಲಗೆ ಅಂದಳು: "ಆ ಥಂಡ್ಯಾಗ ಐದು ತಿಂಗಳ ಕೂಸಿನ್ನ ಹಿಡಕೊಂಡು ನಾ ಒಬ್ಬಾಕಿ ಇದ್ದೆ, ಸರೋಜಾ. ಅತ್ತಿಗಿ ನಾ ಬ್ಯಾಡಾಗೀನಿ, ಹೆಣ್ಣು ಹುಟ್ಯಾದಂತ ಬರವಲ್ಲರು ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷ ಹಂಗೇ ತಿಳ್ಕೊಂಡಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಅವರು ನಗುವುದನ್ನು ಬಿಟ್ಟು ಬಂದು ಅಕ್ಕನ ಪಕ್ಕ ನೆಲದ ಮೇಲೆ ಕೂತರು. "ಹುಚ್ಚಿ," ಎಂದರು, "ಹೆಣ್ಣಂತ ಕೇಳಿಯೇ ಹಳದಿ ಉಲ್ಲನ್ ಆರಿಸಿ ಆರಿಸಿ ತಂದಿದ್ದೆ." ಅಕ್ಕನ ತಲೆ ಅವರ ಹೆಗಲಿಗೆ ಒರಗಿತು. ಅವರಿಬ್ಬರ ನಡುವೆ ಹದಿನೆಂಟು ವರ್ಷ ನಾನಿಟ್ಟ ಗೋಡೆ ಇತ್ತು ಎಂಬುದು ಅದು ಬೀಳುವಾಗಲೇ ನನಗೆ ಕಂಡದ್ದು.

ಸಂಜೆ ಅತ್ತೆ ನನ್ನನ್ನು ಒಬ್ಬಳನ್ನೇ ಕರೆದರು. "ನಕ್ಕೀನಿ ಅಂದ್ರ ಮರ್ತೀನಿ ಅಂತ ಅಲ್ಲ, ಸರೂ. ಇಷ್ಟು ವರ್ಷ ನಾ ನನ್ನನ್ನೇ ನಂಬಲಿಲ್ಲ. ಅದು ಹೊಳ್ಳಿ ಬರಂಗಿಲ್ಲ."

"ಇರ್ರಿ ಅಂತ ಬಾಯಿಬಿಟ್ಟು ಕೇಳಬೇಕಾಗಿತ್ತು," ಎಂದೆ.

"ಕೇಳಿದ್ರ ಇರತಿದ್ದಿಲ್ಲ," ಎಂದರು ಖಂಡಿತವಾಗಿ. "ಇಲ್ಲಿ ಕೂಸಿತ್ತು. ಆದ್ರ ಮಾದೇವಿನ್ನ, ಕೂಸಿನ್ನ ಕರಕೊಂಡು ಅಲ್ಲಿಗೇ ಬರತಿದ್ದೆ. ಎರಡು ಖೋಲಿ ಸಾಲತಿದ್ದಿಲ್ಲೇನು ನಮಗ?"

ಸಾಲುತ್ತಿತ್ತು. ಚಾಪೆಯ ಮೇಲೆ ಮೂವರು, ನಡುವೆ ಕೂಸು, ಹಸಿ ಕಡಲೆಯ ರಾಶಿ — ಅಂಥ ಒಂದು ಚಳಿಗಾಲ ನಮಗೆಲ್ಲ ಸಿಗಬಹುದಿತ್ತು. ಒಂದು ಮಾತು ಕೇಳುವ ಧೈರ್ಯ ನನಗಿದ್ದಿದ್ದರೆ.

ಮಾರನೆಯ ದಿನವೇ ಅತ್ತೆ ಕಡ್ಡಿ ಹಿಡಿದರು. ಎರಡನೆಯ ತೋಳಿಗೆ ಹಿಡಿದದ್ದು ಐದು ದಿನ. ಕೈ ಮೊದಲಿನಷ್ಟು ಚುರುಕಿಲ್ಲ, ಆದರೆ ಒಂದು ಕುಣಿಕೆಯೂ ತಪ್ಪಲಿಲ್ಲ. ಹಳೆಯ ಉಲ್ಲನ್ ಸ್ವಲ್ಪ ಮಾಸಿದ್ದರಿಂದ ತೊಳೆದು ಒಣಗಿಸಿದೆವು. ಮುಗಿದ ಸ್ವೆಟರನ್ನು ಸೃಷ್ಟಿ ತಲೆಗೆ ಟೋಪಿಯಂತೆ ಏರಿಸಿಕೊಂಡು ಮನೆಯಲ್ಲೆಲ್ಲ ತಿರುಗಿದಳು. ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಅಜ್ಜಿ ಮೊಮ್ಮಗಳು ಈಗ ಅರ್ಧ ಬಿಟ್ಟ ಕೆಲಸಗಳನ್ನೆಲ್ಲ ಒಂದೊಂದಾಗಿ ಮುಗಿಸುತ್ತಿದ್ದಾರೆ. ಬೇಗ ಆಗುತ್ತಿಲ್ಲ — ಅಜ್ಜಿಯ ಕಥೆ ನಡುವೆ ನಡುವೆ ಹುಡುಗಿಯ ಕೈ ನಿಲ್ಲಿಸುತ್ತದೆ.

ಫೆಬ್ರವರಿಯಲ್ಲಿ ಅವರು ಕೂಡಲಸಂಗಮಕ್ಕೆ ಹೋದರು. ಗುಂಪಿನ ಮುಂದಾಳು ಅವರೇ. ಪ್ರತಿ ನಿಲ್ದಾಣದಲ್ಲೂ ಬಸ್ಸಿನ ಬಾಗಿಲಲ್ಲಿ ನಿಂತು ಇಪ್ಪತ್ತೆರಡು ಹೆಂಗಸರನ್ನು ಎಣಿಸಿ ಒಳಗೆ ಬಿಡುತ್ತಿದ್ದರಂತೆ. ಹೊಳೆಯ ದಂಡೆಯಿಂದ ನನಗೆ ಫೋನು ಮಾಡಿದರು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ; ಕೇಳಿಸಿದ್ದು ಇಷ್ಟು: "ಎಲ್ಲಾರೂ ಇದ್ದಾರ, ಒಬ್ಬಾಕಿನೂ ತಪ್ಪಿಲ್ಲ!"

ಮಹಾದೇವಿ ಅಕ್ಕ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದೂ ಇಲ್ಲ. ಯುಗಾದಿಗೆ ನಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋದಳು. ಹೊರಡುವಾಗ ನಾನು ಬಾಯಿಬಿಟ್ಟು ಅಂದೆ — "ಅಕ್ಕಾ, ಇನ್ನೆರಡು ದಿನ ಇರ್ರಿ." ಅವಳು ಒಂದು ದಿನ ಇದ್ದಳು.

ಈಗ ಉಳಿದಿರುವುದು ಒಂದು ಕೆಲಸ. ಅತ್ತೆಯ ಮರೆವಿನ ಆ ನಗೆಚಾಟಿಕೆಯನ್ನು ನಾನು ಯಾರ ಯಾರ ಮುಂದೆ ಹೇಳಿದ್ದೆನೋ ಅವರನ್ನೆಲ್ಲ ನೆನೆದು, ನಾಸಿಕದ ಪಕ್ಕದ ಓಝರಿನಲ್ಲಿರುವ ನಮ್ಮ ಕನ್ನಡದವರ ಮನೆಗೆ ಹೋಗಿ, ಸಾತಪುರದ ಹಳೆಯ ಓಣಿಗೆ ಹೋಗಿ, ನಡೆದದ್ದೇನೆಂದು ಹೇಳಿ ಬರುತ್ತಿದ್ದೇನೆ. ಕೆಲವರು ನಗುತ್ತಾರೆ. ಒಬ್ಬರು ಮುಖ ತಿರುಗಿಸಿದರು, ಅದೂ ಸರಿಯೇ. ಕೆಲವರು ವರ್ಗವಾಗಿ ಊರು ಬಿಟ್ಟಿದ್ದಾರೆ, ವಿಳಾಸ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆದೆ. ನೀವು ಆ ಕಥೆ ಕೇಳಿ ನನ್ನ ಜೊತೆ ನಕ್ಕವರಲ್ಲಿ ಒಬ್ಬರಾಗಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ: ನೀಲಮ್ಮನವರ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.